ಅಮೆರಿಕದಲ್ಲಿ ಬಿ ಫಾರಂ ಕೊಡುವವರು ಯಾರು? ಅಲ್ಲಿನ ಪಕ್ಷಗಳಿಗೆ ನಿಜವಾಗಿ ಇರುವ ಅಧಿಕಾರವೆಷ್ಟು?

ರಾಜ್ಯಶಾಸ್ತ್ರದ ಮೇಷ್ಟ್ರು (ಪ್ರಶ್ನೆ)

ನಾನು ಪದವಿ ತರಗತಿಗಳಿಗೆ ತೌಲನಿಕ ಸರ್ಕಾರಗಳ ಪಾಠ ಮಾಡುತ್ತೇನೆ. ಅಮೆರಿಕದ ಅಧ್ಯಾಯ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದೇ ಕಡೆ ಪಟ್ಟು ಹಿಡಿದು ಕೂರುತ್ತಾರೆ: ಅಲ್ಲಿ ಟಿಕೆಟ್ ಹಂಚುವವರು ಯಾರು, ಹೈಕಮಾಂಡ್ ಯಾವ ಊರಿನಲ್ಲಿದೆ? ಅಲ್ಲಿನ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲವೆಂದೂ, ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಪಕ್ಷ ಕಟ್ಟುವುದರ ಅಪಾಯಗಳನ್ನು ಎಚ್ಚರಿಸಿದ್ದರೆಂದೂ, ನಾಲ್ಕೇ ವರ್ಷಗಳ ನಂತರ ಒಂದೇ ಪಕ್ಷದ ಜೆಫರ್ಸನ್ ಮತ್ತು ಬರ್ ಎಲೆಕ್ಟೋರಲ್ ಕಾಲೇಜಿನಲ್ಲಿ (ರಾಜ್ಯಗಳ ಪರವಾಗಿ ಅಧ್ಯಕ್ಷನನ್ನು ಆರಿಸುವ ಮತದಾರರ ಮಂಡಳಿ) ತಲಾ 73 ಮತ ಪಡೆದು ಸಮಬಲವಾದಾಗ ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿ ಅಧ್ಯಕ್ಷನನ್ನು ಆರಿಸಬೇಕಾಯಿತೆಂದೂ, ಅದರ ಫಲವಾಗಿ 1804ರಲ್ಲಿ ಅಧ್ಯಕ್ಷ, ಉಪಾಧ್ಯಕ್ಷರಿಗೆ ಬೇರೆ ಬೇರೆ ಮತ ಹಾಕಿಸುವ ಹನ್ನೆರಡನೇ ತಿದ್ದುಪಡಿ ಬಂತೆಂದೂ ಹೇಳಿ ಪಾಠ ಮುಗಿಸಬಹುದು. ಆದರೆ ಅದು ಅವರ ಪ್ರಶ್ನೆಗೆ ಉತ್ತರವಲ್ಲ. ಅಭ್ಯರ್ಥಿಯನ್ನು ಪಕ್ಷ ಆರಿಸುವುದಿಲ್ಲವೆಂದಾದರೆ, ಗೆದ್ದವನನ್ನು ಹದ್ದುಬಸ್ತಿನಲ್ಲಿಡುವ ಕಾನೂನೂ ಇಲ್ಲವೆಂದಾದರೆ, ಅಲ್ಲಿನ ಸಂಸತ್ತಿನಲ್ಲಿ ಎಲ್ಲರೂ ಪಕ್ಷದ ಗೆರೆ ದಾಟದೆ ಮತ ಹಾಕುವುದು ಏಕೆ? ಅಲ್ಲಿ ನೆಲೆಸಿರುವವರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ತುಂಗಾತೀರ

ಹೈಕಮಾಂಡ್ ಇಲ್ಲದೆ ಪಕ್ಷ ನಡೆಯುವುದುಂಟೇ ಮೇಷ್ಟ್ರೇ? ಎರಡೂ ಪಕ್ಷಗಳಿಗೆ ರಾಷ್ಟ್ರೀಯ ಸಮಿತಿಗಳಿವೆ, ಆ ಸಮಿತಿಗಳಿಗೆ ಅಧ್ಯಕ್ಷರಿದ್ದಾರೆ. ಟಿಕೆಟ್ ಕೊಡುವವರು ಅವರೇ ಇರಬೇಕು.

ಹಳೆಯ ಪತ್ರಕರ್ತ

ಅವರಲ್ಲ. ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯಲ್ಲಿ 168 ಸದಸ್ಯರಿದ್ದಾರೆ, ರಾಜಧಾನಿ ಮತ್ತು ಅಧೀನ ಪ್ರದೇಶಗಳೂ ಸೇರಿ ರಾಜ್ಯಕ್ಕೆ ಮೂವರಂತೆ. ಹಣ ಸಂಗ್ರಹಿಸುವುದು, ಮತದಾರರ ಮಾಹಿತಿಯನ್ನು ಕಾಪಾಡುವುದು, ನಾಲ್ಕು ವರ್ಷಕ್ಕೊಮ್ಮೆ ಸಮಾವೇಶ ನಡೆಸುವುದು ಅವರ ಕೆಲಸ. ಯಾವ ಕ್ಷೇತ್ರದಲ್ಲಿ ಯಾರು ನಿಲ್ಲಬೇಕೆಂಬ ತೀರ್ಮಾನ ಅವರ ಕೈಯಲ್ಲಿಲ್ಲ. 2014ರಲ್ಲಿ ಎರಿಕ್ ಕ್ಯಾಂಟರ್ ಪ್ರತಿನಿಧಿ ಸಭೆಯಲ್ಲಿ ಬಹುಮತದ ಪಕ್ಷದ ನಾಯಕರಾಗಿದ್ದರು. ಅವರೇ ಮುಂದಿನ ಸ್ಪೀಕರ್ ಎಂಬ ಮಾತು ಎಲ್ಲೆಡೆ ಇತ್ತು. ವರ್ಜೀನಿಯಾದ ತಮ್ಮ ಕ್ಷೇತ್ರದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಎದುರು ಅವರು ಸೋತರು. ನಾಲ್ಕು ವರ್ಷ ಕಳೆದ ಮೇಲೆ ಡೆಮಾಕ್ರಟಿಕ್ ಪಕ್ಷದ ಹಿರಿಯ ನಾಯಕ ಜೋ ಕ್ರೌಲಿ ಅವರಿಗೂ ನ್ಯೂಯಾರ್ಕ್‌ನಲ್ಲಿ ಅದೇ ಗತಿಯಾಯಿತು. ಸೋಲಿಸಿದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಅವರಿಗೆ ಆಗ 28 ವರ್ಷ. ನಮ್ಮಲ್ಲಿ ಇಂಥ ನಾಯಕರಿಗೆ ಟಿಕೆಟ್ ತಪ್ಪಬೇಕಾದರೆ ದೆಹಲಿಯಲ್ಲಿ ಯಾರಾದರೂ ಮನಸ್ಸು ಮಾಡಬೇಕಾಗುತ್ತದೆ. ಅಲ್ಲಿ ಕ್ಷೇತ್ರದ ಮತದಾರರೇ ಬಿ ಫಾರಂ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ಡೆಟ್ರಾಯಿಟ್ ನಿವಾಸಿ

ನಾನು ಮಿಷಿಗನ್‌ನಲ್ಲಿ ಮತ ಹಾಕುವವನಾದ್ದರಿಂದ ಇಲ್ಲಿನ ಮತಪತ್ರ ಹೇಗಿರುತ್ತದೆ ಎಂಬುದನ್ನು ವಿವರಿಸುತ್ತೇನೆ. ಅದನ್ನು ನೋಡಿದರೆ ಅರ್ಧ ಪ್ರಶ್ನೆ ಬಗೆಹರಿಯುತ್ತದೆ.

ಇಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷವನ್ನು ನಮೂದಿಸುವ ಪದ್ಧತಿಯೇ ಇಲ್ಲ. ಆಗಸ್ಟ್ ತಿಂಗಳಿನ ಪ್ರೈಮರಿಗೆ ಹೋದರೆ ಒಂದೇ ಉದ್ದನೆಯ ಕಾಗದದಲ್ಲಿ ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್ ಪಕ್ಷಗಳ ಆಕಾಂಕ್ಷಿಗಳ ಹೆಸರುಗಳು ಬೇರೆ ಬೇರೆ ಅಂಕಣಗಳಲ್ಲಿ ಅಕ್ಕಪಕ್ಕ ಅಚ್ಚಾಗಿರುತ್ತವೆ. ಹೆಸರಿನ ಪಕ್ಕದ ಸಣ್ಣ ಅಂಡಾಕಾರದ ಗುರುತನ್ನು ಪೆನ್ನಿನಿಂದ ತುಂಬಬೇಕು. ಯಾವ ಪಕ್ಷದ ಅಂಕಣವೆಂಬುದು ಮತದಾರನ ಇಷ್ಟ, ಆದರೆ ಗುರುತುಗಳೆಲ್ಲವೂ ಒಂದೇ ಅಂಕಣದೊಳಗೆ ಇರಬೇಕು. ಎರಡರಲ್ಲೂ ತುಂಬಿದರೆ ಪಕ್ಷಗಳಿಗೆ ಸಂಬಂಧಿಸಿದ ಭಾಗವಷ್ಟೂ ಅಸಿಂಧುವಾಗುತ್ತದೆ. ಎಣಿಕೆ ಯಂತ್ರ ಕಾಗದವನ್ನು ಒಳಗೆ ಎಳೆದುಕೊಳ್ಳದೆ ಹಿಂದಕ್ಕೆ ಕೊಟ್ಟಾಗ ಹೊಸ ಮತಪತ್ರ ಕೇಳಿ ಪಡೆಯಬಹುದು. ಅಂದರೆ ಜೀವಮಾನದಲ್ಲಿ ಒಂದು ದಿನವೂ ಪಕ್ಷದ ಕಚೇರಿಗೆ ಕಾಲಿಡದವನು, ಒಂದು ಡಾಲರ್ ಸದಸ್ಯತ್ವ ಶುಲ್ಕ ಕಟ್ಟದವನು, ಆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುತ್ತಾನೆ.

ಇದಕ್ಕೆ ನಮ್ಮ ನಾಡಿನ ನಂಟಿರುವ ಉದಾಹರಣೆಯೇ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಸ್ವಂತ ಹಣ ಸುರಿದು ಮಿಷಿಗನ್ ರಾಜ್ಯಪಾಲ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಸೋತರು. ಗೆದ್ದವರು ಗ್ರೆಚೆನ್ ವಿಟ್ಮರ್. 2022ರಲ್ಲಿ ಡೆಟ್ರಾಯಿಟ್‌ನ ಬಹುಭಾಗವನ್ನು ಒಳಗೊಂಡ 13ನೇ ಕ್ಷೇತ್ರದಲ್ಲಿ ಸ್ಥಳೀಯ ನಾಯಕರಲ್ಲಿ ಅನೇಕರು ಬೇರೆಯವರ ಬೆನ್ನಿಗಿದ್ದರೂ, ಒಂಬತ್ತು ಮಂದಿ ಸ್ಪರ್ಧಿಸಿದ್ದ ಪ್ರೈಮರಿಯಲ್ಲಿ ಸುಮಾರು ಶೇ. 28 ಮತ ಪಡೆದು ಅವರು ಅಭ್ಯರ್ಥಿಯಾದರು. ಆ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾದರೆ ನವೆಂಬರ್‌ನಲ್ಲಿ ಗೆಲುವು ಹೆಚ್ಚುಕಡಿಮೆ ಖಚಿತ. ಪಕ್ಷದ ಹಿರಿಯರಿಗೆ ಇಷ್ಟವಿತ್ತೋ ಇಲ್ಲವೋ, ಅವರನ್ನು ತಡೆಯುವ ಅಧಿಕಾರವಂತೂ ಯಾರಿಗೂ ಇರಲಿಲ್ಲ.

ವಾದಪ್ರಿಯ

ಇದು ಪ್ರಜಾಪ್ರಭುತ್ವವಲ್ಲ, ಹಣವಂತರ ಹಬ್ಬ. ಹೈಕಮಾಂಡ್ ಕೆಟ್ಟದ್ದೇ ಇರಬಹುದು, ಆದರೆ ಶೇ. 72 ಮಂದಿ ಬೇಡವೆಂದವರನ್ನು ಪಕ್ಷದ ಅಭ್ಯರ್ಥಿ ಎಂದು ಒಪ್ಪಿಕೊಳ್ಳುವುದಕ್ಕಿಂತ ನಾಲ್ಕು ಜನ ಅನುಭವಿಗಳು ಕುಳಿತು ಆರಿಸುವುದು ಮೇಲು. ಜೊತೆಗೆ, ಎದುರು ಪಕ್ಷದವರು ಬಂದು ಬೇಕೆಂದೇ ದುರ್ಬಲ ಅಭ್ಯರ್ಥಿಗೆ ಮತ ಹಾಕಿ ಹೋದರೆ ಕೇಳುವವರು ಯಾರು?

ಡೆಟ್ರಾಯಿಟ್ ನಿವಾಸಿ

ಹಾಗೆ ಮಾಡುವವನು ತನ್ನದೇ ಪಕ್ಷದ ಪ್ರೈಮರಿಯಲ್ಲಿ ಮತ ಹಾಕುವ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಆದ್ದರಿಂದ ಮಾತಾಡುವವರು ಹೆಚ್ಚು, ಮಾಡುವವರು ಕಡಿಮೆ.

ಎಡಿಸನ್‌ನಿಂದ

ಮಿಷಿಗನ್ ಒಂದನ್ನೇ ನೋಡಿ ಇಡೀ ದೇಶಕ್ಕೆ ಅನ್ವಯಿಸಬಾರದು. ಸುಮಾರು 30 ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಸೇರುವಾಗಲೇ ಪಕ್ಷವನ್ನು ನಮೂದಿಸುವ ವ್ಯವಸ್ಥೆ ಇದೆ. ನಮ್ಮ ನೆರೆಯ ಪೆನ್ಸಿಲ್ವೇನಿಯಾದಲ್ಲಿ ನೋಂದಾಯಿತ ಡೆಮಾಕ್ರಟ್ ಅಲ್ಲದವರು ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ರೀತಿ ಮತ್ತೂ ಬೇರೆ; ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಂತು, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ.

ಇನ್ನು ಪಕ್ಷಕ್ಕೆ ತಡೆಯುವ ಶಕ್ತಿ ಇಲ್ಲವೆಂಬ ಮಾತನ್ನು ನ್ಯೂಜೆರ್ಸಿಯಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ 21 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪೈಕಿ 19ರಲ್ಲಿ ಪ್ರೈಮರಿಯ ಮತಪತ್ರವನ್ನು ಒಂದು ವಿಶಿಷ್ಟ ಬಗೆಯಲ್ಲಿ ಅಚ್ಚು ಮಾಡುತ್ತಿದ್ದರು. ಕೌಂಟಿ ಪಕ್ಷದ ಬೆಂಬಲ ಪಡೆದವರೆಲ್ಲ, ಮೇಲಿನ ದೊಡ್ಡ ಹುದ್ದೆಯಿಂದ ಕೆಳಗಿನ ಸಣ್ಣ ಹುದ್ದೆಯವರೆಗೆ, ಒಂದೇ ಸಾಲಿನಲ್ಲಿ ಕಣ್ಣಿಗೆ ಕಟ್ಟುವಂತೆ ಇರುತ್ತಿದ್ದರು. ಬೆಂಬಲ ಸಿಗದವರು ಕೆಲವೊಮ್ಮೆ ನಡುವೆ ಖಾಲಿ ಅಂಕಣಗಳನ್ನು ಬಿಟ್ಟು ದೂರದ ಮೂಲೆಯಲ್ಲಿ ಇರುತ್ತಿದ್ದರು. ಆ ಮೂಲೆಗೆ ಇಲ್ಲಿನವರು ಇಟ್ಟ ಹೆಸರು ಸೈಬೀರಿಯಾ. ಕೌಂಟಿ ಅಧ್ಯಕ್ಷರ ಕೃಪೆ ಇದ್ದವರು ಸೋಲುವುದು ಅಪರೂಪವಾಗಿತ್ತು. 2024ರ ಸೆನೆಟ್ ಪ್ರೈಮರಿಯಲ್ಲಿ ರಾಜ್ಯಪಾಲರ ಪತ್ನಿ ಟ್ಯಾಮಿ ಮರ್ಫಿ ಅವರಿಗೆ ಹಲವು ಕೌಂಟಿ ಅಧ್ಯಕ್ಷರ ಬೆಂಬಲ ತಕ್ಷಣವೇ ದೊರಕಿತು. ಎದುರಾಳಿ ಆ್ಯಂಡಿ ಕಿಮ್ ನ್ಯಾಯಾಲಯಕ್ಕೆ ಹೋದರು. ಮಾರ್ಚ್‌ನಲ್ಲಿ ಮರ್ಫಿ ಕಣದಿಂದ ಹಿಂದೆ ಸರಿದರು, ಕೆಲವೇ ದಿನಗಳಲ್ಲಿ ಫೆಡರಲ್ ನ್ಯಾಯಾಧೀಶರು ಆ ಬಾರಿಯ ಡೆಮಾಕ್ರಟಿಕ್ ಪ್ರೈಮರಿಗೆ ಅಂಥ ಮತಪತ್ರವನ್ನು ಬಳಸದಂತೆ ತಡೆದರು. ಕಿಮ್ ಈಗ ಸೆನೆಟರ್. ಅಲ್ಲಿಯವರೆಗೆ ನಮ್ಮಲ್ಲಿ ಬಿ ಫಾರಂ ಇತ್ತು ಮೇಷ್ಟ್ರೇ, ಅದು ಕಾಗದದ ವಿನ್ಯಾಸದೊಳಗೆ ಅಡಗಿತ್ತು.

ತುಂಗಾತೀರ

ಇದೀಗ ನನಗೆ ಅರ್ಥವಾಗುವ ರಾಜಕೀಯ ಬಂತು.

ವಕೀಲರ ಕೊಠಡಿ

ಈ ಚರ್ಚೆಯ ಬುಡದಲ್ಲಿ ಒಂದು ಕಾನೂನಿನ ಪ್ರಶ್ನೆ ಇದೆ: ಪಕ್ಷ ಖಾಸಗಿ ಸಂಘವೋ, ಸಾರ್ವಜನಿಕ ಸಂಸ್ಥೆಯೋ? ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಕಪ್ಪು ಜನಾಂಗದವರನ್ನು ತನ್ನ ಪ್ರೈಮರಿಯಿಂದ ಹೊರಗಿಟ್ಟಿತ್ತು. ತಾನು ಖಾಸಗಿ ಸಂಘ, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ತನ್ನ ಇಷ್ಟ ಎಂಬುದು ಅದರ ವಾದವಾಗಿತ್ತು. 1935ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಿಯೂಬಿಟ್ಟಿತು. ಆ ಕಾಲದ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವನೇ ಅಂತಿಮವಾಗಿ ಗೆಲ್ಲುತ್ತಿದ್ದುದರಿಂದ, ನವೆಂಬರ್‌ನಲ್ಲಿ ಮತ ಹಾಕುವ ಹಕ್ಕಿದ್ದೂ ಅವರಿಗೆ ಅದರಿಂದ ಏನೂ ದಕ್ಕುತ್ತಿರಲಿಲ್ಲ. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಹೂಡಿದ ದಾವೆಯಲ್ಲಿ ತರ್ಗುಡ್ ಮಾರ್ಷಲ್ ಮೊದಲಾದವರು ವಾದಿಸಿ, 1944ರಲ್ಲಿ ಅದೇ ನ್ಯಾಯಾಲಯದಿಂದ ಎಂಟಕ್ಕೆ ಒಂದರ ಬಹುಮತದಲ್ಲಿ ಹಿಂದಿನ ತೀರ್ಪನ್ನು ರದ್ದುಪಡಿಸಿದರು. ಪ್ರೈಮರಿಯೂ ಚುನಾವಣೆಯ ಅಂಗವೇ ಎಂದು ಆಗ ಇತ್ಯರ್ಥವಾಯಿತು. ಇದರಿಂದಾಗಿ ಪಕ್ಷದ ಒಳಗಿನ ಆಯ್ಕೆಯನ್ನು ಸರ್ಕಾರದ ಕಾನೂನು, ಸರ್ಕಾರದ ಮತಗಟ್ಟೆ, ಬಹುತೇಕ ಸರ್ಕಾರದ ಖರ್ಚು ನಡೆಸುತ್ತದೆ.

ಆದರೂ ಸಂಘ ಕಟ್ಟುವ ಸ್ವಾತಂತ್ರ್ಯ ಪೂರ್ತಿ ಹೋಗಿಲ್ಲ. ಕ್ಯಾಲಿಫೋರ್ನಿಯಾ ಒಮ್ಮೆ ಯಾವ ಮತದಾರನಾದರೂ ಹುದ್ದೆಗೊಂದು ಪಕ್ಷದಂತೆ ಅಭ್ಯರ್ಥಿಗಳನ್ನು ಆರಿಸಬಹುದೆಂಬ ನಿಯಮ ತಂದಾಗ, ಅದು ಪಕ್ಷಗಳ ಹಕ್ಕಿಗೆ ವಿರುದ್ಧವೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಈಗಿನ ಮೊದಲ ಇಬ್ಬರ ಪದ್ಧತಿ ಆಮೇಲೆ ಬಂದದ್ದು. ಅದರಲ್ಲಿ ಆಯ್ಕೆಯಾಗುವವರು ಪಕ್ಷದ ಅಧಿಕೃತ ಅಭ್ಯರ್ಥಿಗಳಲ್ಲ, ಪಕ್ಷದ ಹೆಸರು ಹೇಳಿಕೊಂಡವರು ಅಷ್ಟೆ.

ವಾದಪ್ರಿಯ

ಎಲ್ಲವೂ ಸರಿ, 2024ರಲ್ಲಿ ಆದದ್ದೇನು? ಪ್ರೈಮರಿಗಳಲ್ಲಿ ಜನ ಬೈಡನ್ ಅವರಿಗೆ ಮತ ಹಾಕಿದರು. ನವೆಂಬರ್‌ನಲ್ಲಿ ಅಭ್ಯರ್ಥಿಯಾಗಿ ನಿಂತವರು ಕಮಲಾ ಹ್ಯಾರಿಸ್. ಇದನ್ನು ಹೈಕಮಾಂಡ್ ಸಂಸ್ಕೃತಿ ಎನ್ನದೆ ಏನೆಂದು ಕರೆಯುತ್ತೀರಿ?

ಎಡಿಸನ್‌ನಿಂದ

ಹೈಕಮಾಂಡ್ ಆಗಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಜೂನ್ ಕೊನೆಯ ಟಿವಿ ಚರ್ಚೆಯ ನಂತರ ಪಕ್ಷದ ಹಿರಿಯರು ಒಬ್ಬೊಬ್ಬರಾಗಿ ಒತ್ತಡ ಹಾಕಿದ್ದು ನಿಜ, ಆದರೆ ಅಭ್ಯರ್ಥಿತನವನ್ನು ಕಿತ್ತುಕೊಳ್ಳುವ ದಾರಿ ಯಾರಿಗೂ ಇರಲಿಲ್ಲ. ಜುಲೈ 21ರಂದು ಬೈಡನ್ ತಾವಾಗಿ ಹಿಂದೆ ಸರಿಯುವವರೆಗೆ ಎಲ್ಲರೂ ಕಾಯಬೇಕಾಯಿತು. ಅವರು ಸರಿದ ಮೇಲಷ್ಟೇ ಪ್ರೈಮರಿಗಳಲ್ಲಿ ಆಯ್ಕೆಯಾಗಿದ್ದ ಡೆಲಿಗೇಟ್‌ಗಳು (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗೆ ಅಂತಿಮ ಮತ ಹಾಕುವ ಪ್ರತಿನಿಧಿಗಳು) ಸ್ವತಂತ್ರರಾಗಿ, ಆಗಸ್ಟ್ ಆರಂಭದಲ್ಲಿ ಆನ್‌ಲೈನ್ ಮೂಲಕ ಹ್ಯಾರಿಸ್ ಅವರನ್ನು ಆರಿಸಿದರು.

ಹಳೆಯ ಪತ್ರಕರ್ತ

ನಿಜವಾದ ಹೈಕಮಾಂಡ್ ನೋಡಬೇಕಾದರೆ 1968ಕ್ಕೆ ಹೋಗಬೇಕು. ಆ ವರ್ಷ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ರಾಜ್ಯದಿಂದ ರಾಜ್ಯಕ್ಕೆ ಅಲೆದು ಪ್ರೈಮರಿಗಳಲ್ಲಿ ಹೋರಾಡಿದರು, ಜೂನ್‌ನಲ್ಲಿ ಕೆನಡಿ ಹತ್ಯೆಯಾಯಿತು, ಮತ್ತು ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರನ್ನು ಷಿಕಾಗೋ ಸಮಾವೇಶದಲ್ಲಿ ಪಕ್ಷದ ಮುಖಂಡರು ಅಭ್ಯರ್ಥಿ ಮಾಡಿದರು. ಹೊರಗೆ ವಿಯೆಟ್ನಾಂ ಯುದ್ಧದ ವಿರೋಧಿಗಳ ಮೇಲೆ ಪೊಲೀಸರು ಲಾಠಿ ಬೀಸುತ್ತಿದ್ದುದನ್ನು ದೇಶವೇ ಟಿವಿಯಲ್ಲಿ ನೋಡಿತು. ಅದಾದ ಮೇಲೆ ಪಕ್ಷ ಒಂದು ಆಯೋಗ ನೇಮಿಸಿ ನಿಯಮ ಬದಲಿಸಿತು, ಪ್ರೈಮರಿಗಳಿಗೆ ಈಗಿನ ಶಕ್ತಿ ಬಂತು. ಆ ಆಯೋಗದ ಮೊದಲ ಅಧ್ಯಕ್ಷರಾಗಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ ಹೊಸ ನಿಯಮದಡಿ 1972ರಲ್ಲಿ ಅಭ್ಯರ್ಥಿಯಾಗಿ 49 ರಾಜ್ಯಗಳನ್ನು ಕಳೆದುಕೊಂಡರು. ಮುಖಂಡರಿಗೆ ಗಾಬರಿಯಾಗಿ, 1984ರ ಹೊತ್ತಿಗೆ ಸೂಪರ್ ಡೆಲಿಗೇಟ್ ಎಂಬ ವ್ಯವಸ್ಥೆಯನ್ನು ತಂದು ತಮಗೂ ಒಂದಿಷ್ಟು ಮತ ಇಟ್ಟುಕೊಂಡರು. ಬರ್ನಿ ಸ್ಯಾಂಡರ್ಸ್ ಬೆಂಬಲಿಗರ ಗಲಾಟೆಯ ನಂತರ 2018ರಲ್ಲಿ ಅದನ್ನೂ ಮೊಟಕುಗೊಳಿಸಲಾಯಿತು. ಆ ಸ್ಯಾಂಡರ್ಸ್ ಸೆನೆಟ್‌ನಲ್ಲಿ ಪಕ್ಷೇತರರು ಎಂಬುದನ್ನು ಮರೆಯಬೇಡಿ. ಪಕ್ಷದ ಸದಸ್ಯರೇ ಅಲ್ಲದವರು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿತನಕ್ಕೆ ಎರಡು ಬಾರಿ ಸ್ಪರ್ಧಿಸಬಹುದಾದ ದೇಶ ಅದು.

ತುಂಗಾತೀರ

ಒಂದು ಸಣ್ಣ ಪ್ರಶ್ನೆ. ಎರಡೇ ಪಕ್ಷ ಇರಬೇಕೆಂದು ಅಲ್ಲಿ ಕಾನೂನು ಇದೆಯೇ? ಮೂರನೆಯವರ ಹೆಸರೇ ಕೇಳುವುದಿಲ್ಲ.

ವಕೀಲರ ಕೊಠಡಿ

ಕಾನೂನಿಲ್ಲ. ಲಿಬರ್ಟೇರಿಯನ್, ಗ್ರೀನ್ ಮುಂತಾದ ಪಕ್ಷಗಳು ಮತಪತ್ರದಲ್ಲಿ ಇರುತ್ತವೆ, ಆದರೆ ಹೆಸರು ಅಚ್ಚಾಗಬೇಕಾದರೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ನಿಯಮಗಳಂತೆ ಸಹಿ ಸಂಗ್ರಹಿಸುವಷ್ಟರಲ್ಲಿ ಸುಸ್ತಾಗುತ್ತದೆ. 1992ರಲ್ಲಿ ರಾಸ್ ಪೆರೋ ದೇಶದಾದ್ಯಂತ ಸುಮಾರು ಶೇ. 19 ಮತ ಪಡೆದರೂ ಎಲೆಕ್ಟೋರಲ್ ಕಾಲೇಜಿನಲ್ಲಿ ಒಂದು ಮತವೂ ಸಿಗಲಿಲ್ಲ. 2000ದಲ್ಲಿ ಫ್ಲಾರಿಡಾದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ 97 ಸಾವಿರಕ್ಕೂ ಹೆಚ್ಚು ಮತ ಪಡೆದರು. ಬುಷ್ ಅಲ್ಲಿ ಗೋರ್ ಅವರಿಗಿಂತ ಮುಂದಿದ್ದದ್ದು 537 ಮತಗಳಿಂದ. ಅಂದಿನಿಂದ ಮೂರನೆಯವರಿಗೆ ಮತ ಹಾಕುವವನಿಗೆ ಮನೆಯಲ್ಲೇ ಬೈಗುಳ ಕಾದಿರುತ್ತದೆ. ಹೊಸ ಪಕ್ಷ ಕಟ್ಟುವುದಕ್ಕಿಂತ ಹಳೆಯ ಪಕ್ಷದ ಪ್ರೈಮರಿ ಗೆಲ್ಲುವುದು ಸುಲಭವಾದ್ದರಿಂದ ಬಂಡಾಯವೆಲ್ಲ ಒಳಗಿನಿಂದಲೇ ಆಗುತ್ತದೆ. ಟ್ರಂಪ್ ಮಾಡಿದ್ದೂ ಅದನ್ನೇ.

ರಾಜ್ಯಶಾಸ್ತ್ರದ ಮೇಷ್ಟ್ರು

ಎಲ್ಲರಿಗೂ ಧನ್ಯವಾದಗಳು, ಆದರೆ ನನ್ನ ಪ್ರಶ್ನೆಯ ಎರಡನೆಯ ಅರ್ಧ ಹಾಗೆಯೇ ಉಳಿದಿದೆ. ನಮ್ಮಲ್ಲಿ 1985ರ ಹತ್ತನೇ ಅನುಸೂಚಿಯಿಂದಾಗಿ ವಿಪ್ ಮೀರಿದವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಗೆದ್ದವನ ಮೇಲೆ ಪಕ್ಷಕ್ಕೆ ಏನು ಹಿಡಿತವಿದೆ?

ಹಳೆಯ ಪತ್ರಕರ್ತ

ಕಾನೂನಿನ ಹಿಡಿತ ಸೊನ್ನೆ. 2001ರಲ್ಲಿ ಸೆನೆಟ್ 50-50 ಆಗಿ, ಉಪಾಧ್ಯಕ್ಷರ ಮತದಿಂದ ರಿಪಬ್ಲಿಕನ್ನರ ಕೈಯಲ್ಲಿತ್ತು. ವರ್ಮಾಂಟ್‌ನ ಜಿಮ್ ಜೆಫರ್ಡ್ಸ್ ಪಕ್ಷ ಬಿಟ್ಟು ಪಕ್ಷೇತರರಾಗಿ ಡೆಮಾಕ್ರಟರ ಜೊತೆ ಕುಳಿತರು. ಅವರೊಬ್ಬರಿಂದ ಸೆನೆಟ್‌ನ ಆಡಳಿತವೇ ಕೈ ಬದಲಾಯಿಸಿತು, ಸಮಿತಿಗಳ ಅಧ್ಯಕ್ಷರೆಲ್ಲ ಬದಲಾದರು, ಜೆಫರ್ಡ್ಸ್ ಸ್ಥಾನಕ್ಕೆ ಮಾತ್ರ ಏನೂ ಆಗಲಿಲ್ಲ. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಿತ್ತುಹಾಕುವ ತಮ್ಮದೇ ಪಕ್ಷದ ಮಸೂದೆಗೆ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ನಡುರಾತ್ರಿ ಸದನದ ಮುಂದೆ ಬಂದು ಹೆಬ್ಬೆರಳು ಕೆಳಗೆ ತೋರಿಸಿದರು. ಮಸೂದೆ 49-51ರಲ್ಲಿ ಬಿತ್ತು. ನೋಟಿಸು ಇಲ್ಲ, ಅನರ್ಹತೆ ಇಲ್ಲ.

ವಾದಪ್ರಿಯ

ಹಾಗಾದರೆ ಅಲ್ಲಿ ಪಕ್ಷವೆಂಬುದು ಬರೀ ನಾಮಫಲಕ ಎಂದಾಯಿತು. ಚರ್ಚೆ ಮುಗಿಯಿತು.

ಡೆಟ್ರಾಯಿಟ್ ನಿವಾಸಿ

ಮುಗಿಯಲಿಲ್ಲ ಸ್ವಾಮಿ. ಸದನದ ಒಳಗೆ ಪಕ್ಷವೇ ಎಲ್ಲ. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವ ಸಮಿತಿಗೆ ಯಾರು ಅಧ್ಯಕ್ಷರು ಎಂಬುದೆಲ್ಲ ಬಹುಮತದ ಪಕ್ಷದ ಕೈಯಲ್ಲಿದೆ. 2016ರಲ್ಲಿ ಒಬಾಮಾ ಸುಪ್ರೀಂ ಕೋರ್ಟಿಗೆ ಮೆರಿಕ್ ಗಾರ್ಲೆಂಡ್ ಅವರನ್ನು ಹೆಸರಿಸಿದಾಗ ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನೆಲ್ ವಿಚಾರಣೆಯನ್ನೇ ನಡೆಸಲಿಲ್ಲ. ಸಂವಿಧಾನದಲ್ಲಿ ಹೆಸರೇ ಇಲ್ಲದ ಆ ಹುದ್ದೆ ಅಧ್ಯಕ್ಷರ ಆಯ್ಕೆಯನ್ನು ಆ ವರ್ಷದ ಕೊನೆಯವರೆಗೂ ಕಪಾಟಿನಲ್ಲಿಟ್ಟಿತು.

ಇನ್ನು ಶಿಸ್ತಿನ ವಿಷಯ. ಸದಸ್ಯನನ್ನು ಹೆದರಿಸುವುದು ವಿಪ್ ಅಲ್ಲ, ಮುಂದಿನ ಪ್ರೈಮರಿ. 2021ರ ಜನವರಿಯಲ್ಲಿ ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ಮಂದಿ ರಿಪಬ್ಲಿಕನ್ ಪ್ರತಿನಿಧಿಗಳಲ್ಲಿ ನಾಲ್ವರು ಮರುಸ್ಪರ್ಧೆಯನ್ನೇ ಬಿಟ್ಟರು, ನಾಲ್ವರು 2022ರ ಪ್ರೈಮರಿಗಳಲ್ಲಿ ಸೋತರು. ಲಿಜ್ ಚೇನಿ ವಯೋಮಿಂಗ್‌ನಲ್ಲಿ ಶೇ. 30 ಮತವನ್ನೂ ಮುಟ್ಟಲಿಲ್ಲ, ಅವರ ತಂದೆ ಅದೇ ರಾಜ್ಯದ ಪ್ರತಿನಿಧಿಯಾಗಿ ಬೆಳೆದು ದೇಶದ ಉಪಾಧ್ಯಕ್ಷರಾದವರು. ಮರಳಿ ಬಂದ ಇಬ್ಬರು, ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ ಮತ್ತು ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್, ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ ಇರುವ ರಾಜ್ಯಗಳವರು. ಸೆನೆಟ್‌ನಲ್ಲಿ ಟ್ರಂಪ್ ತಪ್ಪಿತಸ್ಥರೆಂದು ಮತ ಹಾಕಿದ ಲಿಸಾ ಮರ್ಕೌಸ್ಕಿ 2022ರಲ್ಲಿ ಗೆದ್ದದ್ದು ಅಲಾಸ್ಕಾದಲ್ಲಿ. ಅಲ್ಲಿಯೂ ಪಕ್ಷವಾರು ಪ್ರೈಮರಿ ಆಗ ಇರಲಿಲ್ಲ, ಮೊದಲ ನಾಲ್ವರು ಮುಂದಕ್ಕೆ ಹೋಗುತ್ತಿದ್ದರು. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳು ಹುಡುಕುತ್ತಿರುವ ಹೈಕಮಾಂಡ್ ಯಾವ ಊರಿನ ಕಚೇರಿಯಲ್ಲೂ ಇಲ್ಲ. ಪ್ರೈಮರಿಯ ದಿನ ತಪ್ಪದೆ ಬರುವ, ಪಕ್ಷದ ಬಗ್ಗೆ ಅತಿ ಬಿಗಿ ನಿಲುವುಳ್ಳ ಆ ಸಣ್ಣ ಗುಂಪೇ ಹೈಕಮಾಂಡ್.

ಎಡಿಸನ್‌ನಿಂದ

ವಾಷಿಂಗ್ಟನ್ ರಾಜ್ಯದ ಜೇಮಿ ಹೆರೆರಾ ಬ್ಯೂಟ್ಲರ್ ಕೂಡ ಆ ಹತ್ತರಲ್ಲಿ ಒಬ್ಬರು. ಅವರಿಗೂ ಅದೇ ಪದ್ಧತಿಯ ಪ್ರೈಮರಿ ಇತ್ತು, ಆದರೂ ಸೋತರು. ಪದ್ಧತಿ ಬದಲಿಸಿದರೆ ಎಲ್ಲವೂ ನೆಟ್ಟಗಾಗುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ.

ಹಳೆಯ ಪತ್ರಕರ್ತ

ಇದು ಯಾವಾಗಲೂ ಹೀಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ವಾರಗಟ್ಟಲೆ ಭಾಷಣ ಮಾಡಿ ತಡೆಯಲು ಹೊರಟವರು ದಕ್ಷಿಣದ ಡೆಮಾಕ್ರಟರು. ಅದನ್ನು ತಂದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಡೆಮಾಕ್ರಟ್, ಅದೂ ಟೆಕ್ಸಾಸಿನವರು. ರಿಪಬ್ಲಿಕನ್ನರ ಮತವಿಲ್ಲದೆ ಆ ಕಾಯ್ದೆ ಪಾಸಾಗುತ್ತಿರಲಿಲ್ಲ. ಆ ಮೇಲಿನ ದಶಕಗಳಲ್ಲಿ ದಕ್ಷಿಣದ ಬಿಳಿಯರು ಒಂದು ಕಡೆಗೆ, ಕಪ್ಪು ಜನಾಂಗದವರು ಮತ್ತು ದೊಡ್ಡ ನಗರಗಳು ಇನ್ನೊಂದು ಕಡೆಗೆ ಸೇರಿ ಎರಡೂ ಪಕ್ಷಗಳ ಒಳಗಿನ ವೈವಿಧ್ಯ ಬತ್ತಿಹೋಯಿತು. ಒಳಗೆ ಭಿನ್ನಮತವೇ ಕಡಿಮೆಯಾದ ಮೇಲೆ ವಿಪ್‌ಗೆ ಕೆಲಸವೆಲ್ಲಿ?

ವಾದಪ್ರಿಯ

ಒಳಗೆ ಭಿನ್ನಮತ ಕಡಿಮೆ ಎನ್ನುವವರು 2023 ನೆನಪಿಸಿಕೊಳ್ಳಲಿ. ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಬೇಕಾಯಿತು, ಅಕ್ಟೋಬರ್‌ನಲ್ಲಿ ಅವರದೇ ಪಕ್ಷದ ಎಂಟು ಮಂದಿ ಡೆಮಾಕ್ರಟರ ಜೊತೆ ಸೇರಿ 216-210ರಲ್ಲಿ ಇಳಿಸಿಬಿಟ್ಟರು.

ಓಮಾಹಾದ ಗೃಹಿಣಿ

ಪಕ್ಷವೇ ಇಲ್ಲದ ಶಾಸನಸಭೆ ಬೇಕೆನ್ನುವವರು ನಮ್ಮ ನೆಬ್ರಾಸ್ಕಕ್ಕೆ ಬನ್ನಿ. ಇಲ್ಲಿ 1937ರಿಂದ ಒಂದೇ ಸದನ. ಈಗ 49 ಸದಸ್ಯರು. ಮತಪತ್ರದಲ್ಲಿ ಅವರ ಹೆಸರಿನ ಮುಂದೆ ಪಕ್ಷ ಅಚ್ಚಾಗುವುದಿಲ್ಲ. ಆದರೂ ಯಾರು ಯಾವ ಪಕ್ಷವೆಂದು ಊರಿಗೆಲ್ಲ ಗೊತ್ತು. ಈ ರಾಜ್ಯದ ಎಲೆಕ್ಟೋರಲ್ ಕಾಲೇಜಿನ ಮತಗಳಲ್ಲಿ ಮೂರನ್ನು ಆಯಾ ಕ್ಷೇತ್ರದಲ್ಲಿ ಗೆದ್ದವರಿಗೆ ಕೊಡಲಾಗುತ್ತದೆ. ನಮ್ಮ ಓಮಾಹಾ ಇರುವ ಕ್ಷೇತ್ರ 2008, 2020 ಮತ್ತು 2024ರಲ್ಲಿ ಡೆಮಾಕ್ರಟರಿಗೆ ಹೋಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಈ ಪದ್ಧತಿಯನ್ನೇ ತೆಗೆದು ಎಲ್ಲ ಮತಗಳನ್ನೂ ಒಬ್ಬರಿಗೇ ಕೊಡಬೇಕೆಂದು ಸೆನೆಟರ್ ಲಿಂಡ್ಸೆ ಗ್ರಹಾಂ ದಕ್ಷಿಣ ಕ್ಯಾರೊಲೈನಾದಿಂದ ಇಲ್ಲಿಗೆ ಬಂದು ಒತ್ತಾಯಿಸಿದರು. ಓಮಾಹಾದ ಶಾಸಕ ಮೈಕ್ ಮೆಕ್‌ಡಾನೆಲ್ ಅದೇ ವರ್ಷವಷ್ಟೇ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆಗಿದ್ದರು. ಚುನಾವಣೆ ಇಷ್ಟು ಹತ್ತಿರವಿರುವಾಗ ನಿಯಮ ಬದಲಿಸಲು ತಾವು ಒಪ್ಪುವುದಿಲ್ಲವೆಂದು ಅವರು ಹೇಳಿದ ಮೇಲೆ ಆ ಪ್ರಯತ್ನ ನಿಂತಿತು.

ವಾದಪ್ರಿಯ

ಹಳೆಯ ಪಕ್ಷದ ಋಣ ತೀರಿಸಿದರು ಎನ್ನಿ.

ಓಮಾಹಾದ ಗೃಹಿಣಿ

ಯಾವ ಪಕ್ಷದ ಋಣವೂ ಅಲ್ಲ. ಓಮಾಹಾದವರೊಬ್ಬರು ಓಮಾಹಾದ ಮತದ ಬೆಲೆಯನ್ನು ತಾವೇ ಕಳೆದು ಊರಿಗೆ ಮುಖ ತೋರಿಸುವುದು ಹೇಗೆ ಸ್ವಾಮಿ?